ಸಂದರ್ಶನ ಗೆದ್ದವರು ಮೂರು ತಿಂಗಳಲ್ಲಿ ಏಕೆ ಬಿಟ್ಟು ಬರುತ್ತಾರೆ? ಕಾರ್ಖಾನೆ ಕೆಲಸಕ್ಕೆ ಯುವಜನರನ್ನು ಸಿದ್ಧಗೊಳಿಸುವ ಬಗ್ಗೆ

ಪ್ರಶ್ನೆ: 18ರಿಂದ 24 ವರ್ಷದೊಳಗಿನ ಯುವಕ ಯುವತಿಯರಿಗೆ ವೃತ್ತಿ ಮಾರ್ಗದರ್ಶನ ನೀಡುವ ಕೆಲಸ ನನ್ನದು. ಉತ್ಪಾದನಾ ವಲಯದ ಕೆಲಸಗಳಿಗಾಗಿ ಅವರಿಗೆ ರೆಸ್ಯೂಮೆ ಬರೆಯುವುದು, ಸಂದರ್ಶನ ಎದುರಿಸುವುದು, ಧೈರ್ಯವಾಗಿ ಮಾತನಾಡುವುದು ಇವೆಲ್ಲವನ್ನೂ ಕಲಿಸುತ್ತೇನೆ. ಹೆಚ್ಚಿನವರಿಗೆ ಕೆಲಸ ಸಿಗುತ್ತದೆ. ಆದರೆ ಮೂರು ತಿಂಗಳು ತುಂಬುವ ಮೊದಲೇ ಹಲವರು ಬಿಟ್ಟು ಬರುತ್ತಾರೆ. ನಾನು ಕಾರ್ಖಾನೆಯಲ್ಲಿ ದುಡಿದವಳಲ್ಲ. ನನ್ನ ತರಬೇತಿಯಲ್ಲಿ ಯಾವ ಕೊರತೆಯಿದೆ? ಬಿಟ್ಟು ಬಂದವರಿಗೆ ಏನು ಹೇಳಬೇಕು?

ಉತ್ತರ: ನಿಮ್ಮ ತರಬೇತಿ ಸಂದರ್ಶನದ ಕೋಣೆಯವರೆಗೆ ಸರಿಯಾಗಿದೆ, ಅಲ್ಲಿಗೆ ನಿಂತುಬಿಡುತ್ತದೆ. ಕಚೇರಿ ಕೆಲಸಗಳಿಗೆ ಅಷ್ಟು ಸಾಕಾಗಬಹುದು, ಏಕೆಂದರೆ ಕಚೇರಿಗೆ ಸೇರಿದ ಹೊಸಬರಿಗೆ ಮೊದಲ ಕೆಲವು ವಾರಗಳಲ್ಲಿ ತಪ್ಪು ಮಾಡಿ ತಿದ್ದಿಕೊಳ್ಳಲು ಅವಕಾಶವಿರುತ್ತದೆ. ಶಾಪ್ ಫ್ಲೋರ್‌ನಲ್ಲಿ, ಅಂದರೆ ಯಂತ್ರಗಳಿರುವ ಉತ್ಪಾದನಾ ಅಂಗಳದಲ್ಲಿ, ಹಾಗಲ್ಲ. ಮೊದಲ ದಿನವೇ ಶಬ್ದ, ವೇಗ, ಶಿಫ್ಟು, ಅಪಾಯ, ಅಳತೆ ಮತ್ತು ಅಪರಿಚಿತ ಮೇಲ್ವಿಚಾರಕ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಆದ್ದರಿಂದ ನೀವು ಸಿದ್ಧಗೊಳಿಸಬೇಕಾದದ್ದು ಕೆಲಸಕ್ಕೆ ಸೇರಿದ ಮೇಲಿನ ಮೊದಲ ಮೂರು ತಿಂಗಳಿಗೆ. ಅದಕ್ಕೆ ನೀವು ಫಿಟ್ಟರ್ ಅಥವಾ ಟರ್ನರ್ ಆಗಿರಬೇಕಾಗಿಲ್ಲ, ಆದರೆ ಆ ಮೂರು ತಿಂಗಳಲ್ಲಿ ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ನೀವೇ ಕಣ್ಣಾರೆ ನೋಡಿ ತಿಳಿದುಕೊಳ್ಳಲೇಬೇಕು.

ವೃತ್ತಿ ಮಾರ್ಗದರ್ಶನ ಎಂಬ ಕ್ಷೇತ್ರದ ಮೂಲದಲ್ಲೇ ಈ ಮಾತಿದೆ. 1908ರಲ್ಲಿ ಬಾಸ್ಟನ್ ನಗರದಲ್ಲಿ ಯುವಜನರಿಗಾಗಿ ವೃತ್ತಿ ಸಲಹಾ ಕೇಂದ್ರವನ್ನು ತೆರೆದ ಫ್ರಾಂಕ್ ಪಾರ್ಸನ್ಸ್ ಮೂರು ಸಂಗತಿಗಳನ್ನು ಮುಂದಿಟ್ಟರು: ವ್ಯಕ್ತಿ ತನ್ನನ್ನು ತಾನು ಅರಿಯಬೇಕು, ಕೆಲಸದ ಬೇಡಿಕೆ ಮತ್ತು ಪರಿಸ್ಥಿತಿಗಳನ್ನು ಅರಿಯಬೇಕು, ಇವೆರಡರ ನಡುವಿನ ಸಂಬಂಧವನ್ನು ವಿವೇಚಿಸಬೇಕು. ನೂರು ವರ್ಷಗಳ ನಂತರವೂ ನಮ್ಮಲ್ಲಿ ಬಹುತೇಕರು ಮೊದಲನೆಯದನ್ನು ಮಾತ್ರ ಶ್ರದ್ಧೆಯಿಂದ ಮಾಡುತ್ತಾರೆ. ಅಭಿರುಚಿ ಪರೀಕ್ಷೆ, ವ್ಯಕ್ತಿತ್ವ ಪರೀಕ್ಷೆ, ಸಾಮರ್ಥ್ಯ ಮತ್ತು ದೌರ್ಬಲ್ಯಗಳ ಪಟ್ಟಿ ಎಲ್ಲವೂ ಆಗುತ್ತದೆ. ಕೆಲಸವನ್ನು ಅರಿಯುವ ಭಾಗ ಒಂದು ಕರಪತ್ರದಲ್ಲೋ ಒಂದು ವಿಡಿಯೋದಲ್ಲೋ ಮುಗಿದುಹೋಗುತ್ತದೆ. ಬಿಟ್ಟು ಬರುವ ಯುವಕ ಸಾಮಾನ್ಯವಾಗಿ ತನ್ನನ್ನು ಅರಿಯದೆ ಸೋತವನಲ್ಲ, ಕೆಲಸ ಹೇಗಿರುತ್ತದೆಂದು ಯಾರೂ ಅವನಿಗೆ ಹೇಳಿರುವುದಿಲ್ಲ, ಅಷ್ಟೆ.

ಹಾಗಾಗಿ ಮೊದಲು ಕೆಲಸಗಳನ್ನು ಬೇರೆಬೇರೆಯಾಗಿ ನೋಡಲು ಕಲಿಯೋಣ. 'ಕಾರ್ಖಾನೆ ಕೆಲಸ' ಎಂಬ ಒಂದೇ ಕೆಲಸ ಎಲ್ಲಿಯೂ ಇಲ್ಲ. ಔಷಧ, ರಾಸಾಯನಿಕ, ಆಹಾರ ಸಂಸ್ಕರಣೆಯಂಥ ನಿರಂತರ ಪ್ರಕ್ರಿಯೆಯ ಘಟಕದಲ್ಲಿ ಆಪರೇಟರ್ ಆದವರು ದಿನದ ಬಹುಪಾಲು ಉಷ್ಣಾಂಶ, ಒತ್ತಡ, ಹರಿವಿನ ಪ್ರಮಾಣಗಳನ್ನು ಗಮನಿಸುತ್ತ, ದಾಖಲಿಸುತ್ತ, ಏರುಪೇರಾದಾಗ ಮಾತ್ರ ಚುರುಕಾಗಿ ಕೈಹಾಕುತ್ತಾರೆ. ಜೋಡಣೆಯ ಲೈನ್‌ನಲ್ಲಿ ಅದೇ ಕ್ರಿಯೆಯನ್ನು ನಿಗದಿತ ಸಮಯದೊಳಗೆ ಮತ್ತೆ ಮತ್ತೆ ತಪ್ಪಿಲ್ಲದೆ ಮಾಡಬೇಕು. ಸಿಎನ್‌ಸಿ ಎಂಬ ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಜಾಬ್ (ಕತ್ತರಿಸಿ ರೂಪಿಸಬೇಕಾದ ತುಣುಕು) ಕಟ್ಟುವುದು, ಆಫ್‌ಸೆಟ್ (ಕತ್ತರಿಸುವ ಉಪಕರಣದ ಸ್ಥಾನದ ಅಂಕೆ) ತಿದ್ದುವುದು, ಅಳೆಯುವುದು ಮುಖ್ಯ. ನಿರ್ವಹಣಾ ವಿಭಾಗದವರಿಗೆ ಒಂದು ದಿನ ಇನ್ನೊಂದರಂತೆ ಇರುವುದಿಲ್ಲ, ಕೆಟ್ಟು ನಿಂತ ಯಂತ್ರದ ಮುಂದೆ ಉತ್ಪಾದನೆಯವರೆಲ್ಲ ಕಾಯುತ್ತಿರುವಾಗ ಶಾಂತವಾಗಿ ಕಾರಣ ಹುಡುಕುವ ಮನಸ್ಸು ಅವರಿಗೆ ಬೇಕು. ಗುಣಮಟ್ಟ ಪರಿಶೀಲಕರಿಗೆ ಸಹೋದ್ಯೋಗಿಯ ಮುಖ ನೋಡದೆ 'ಇದು ರಿಜೆಕ್ಟ್' ಎನ್ನುವ ಗಟ್ಟಿತನ ಬೇಕು. ಉಗ್ರಾಣ, ಟೂಲ್ ರೂಮ್, ಪ್ಯಾಕಿಂಗ್, ಪ್ರೋಗ್ರಾಮಿಂಗ್ ಇವೆಲ್ಲವೂ ಬೇರೆಯೇ.

ಅಮೆರಿಕದ ಮನೋವಿಜ್ಞಾನಿ ಜಾನ್ ಹಾಲೆಂಡ್ 1959ರಿಂದ ರೂಪಿಸುತ್ತ ಬಂದ ಆರು ಬಗೆಯ ವೃತ್ತಿ ವ್ಯಕ್ತಿತ್ವಗಳ ಸಿದ್ಧಾಂತವನ್ನು ನೀವೂ ಬಳಸುತ್ತಿರಬಹುದು. ಅದರಲ್ಲಿ ಕಾರ್ಖಾನೆಯ ಕೆಲಸಗಳೆಲ್ಲ ಕೈಗೆಲಸವನ್ನು ಮೆಚ್ಚುವ 'ವಾಸ್ತವಿಕ' ಬಗೆಗೆ ಸೇರುತ್ತವೆ ಎಂದು ಮಾರ್ಗದರ್ಶಕರು ಸುಲಭವಾಗಿ ತೀರ್ಮಾನಿಸಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದರಿಂದ ಆಗುವ ಹಾನಿ ದೊಡ್ಡದು. ಕಾರಣ ಹುಡುಕುವ ಕುತೂಹಲವುಳ್ಳ ಹುಡುಗಿ ನಿರ್ವಹಣಾ ವಿಭಾಗದಲ್ಲಿ ಅರಳುತ್ತಾಳೆ, ಲೈನ್‌ನಲ್ಲಿ ಬೇಸತ್ತು ಹೋಗುತ್ತಾಳೆ. ಕ್ರಮ ಮತ್ತು ದಾಖಲೆಗಳನ್ನು ಇಷ್ಟಪಡುವ ಹುಡುಗ ಗುಣಮಟ್ಟ ವಿಭಾಗಕ್ಕೆ ಹೇಳಿ ಮಾಡಿಸಿದವನು, ಅವನನ್ನು ನಿರ್ವಹಣೆಗೆ ಹಾಕಿದರೆ ದಿನವೂ ಗೊಂದಲದಲ್ಲಿ ನರಳುತ್ತಾನೆ. ಇಬ್ಬರೂ ಮೂರು ತಿಂಗಳಲ್ಲಿ 'ನನಗೆ ಕಾರ್ಖಾನೆ ಒಗ್ಗುವುದಿಲ್ಲ' ಎಂದು ನಿಮ್ಮ ಬಳಿಗೆ ಬರುತ್ತಾರೆ. ಒಗ್ಗದೆ ಹೋದದ್ದು ಆ ಒಂದು ಹುದ್ದೆ ಮಾತ್ರ.

ಈ ವ್ಯತ್ಯಾಸಗಳನ್ನು ಮಾತಿನಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ, ಕಾರ್ಖಾನೆಗೆ ಕರೆದುಕೊಂಡು ಹೋಗಿ. ಆದರೆ ಇಡೀ ಘಟಕವನ್ನು ಒಂದು ಗಂಟೆಯಲ್ಲಿ ಸುತ್ತಿಸುವ ಪ್ರವಾಸ ಬೇಡ. ಅಂಥ ಭೇಟಿಯ ನಂತರ ಯುವಜನರಿಗೆ ನೆನಪಿರುವುದು ದೊಡ್ಡ ಯಂತ್ರಗಳು ಮತ್ತು ಸ್ವಚ್ಛ ನೆಲ ಮಾತ್ರ. ಆತಿಥೇಯರನ್ನು ಕೇಳಿಕೊಂಡು, ಇಬ್ಬಿಬ್ಬರಂತೆ ಒಂದೊಂದು ಕಾರ್ಯಸ್ಥಾನದ ಬಳಿ, ಹಳದಿ ಗೆರೆಯ ಹೊರಗೆ, ಅರ್ಧ ಗಂಟೆ ಸುಮ್ಮನೆ ನಿಂತು ನೋಡಲು ಬಿಡಿ. ಕೈಯಲ್ಲಿ ಒಂದು ಹಾಳೆ ಇರಲಿ. ಸಾಮಗ್ರಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಒಳ್ಳೆಯ ತುಣುಕು ಯಾವುದು, ಕೆಟ್ಟದ್ದು ಯಾವುದು ಎಂದು ಆಪರೇಟರ್‌ಗೆ ಹೇಗೆ ಗೊತ್ತಾಗುತ್ತದೆ? ಕೆಟ್ಟದ್ದನ್ನು ಎಲ್ಲಿ ಇಡುತ್ತಾರೆ? ತೊಂದರೆಯಾದರೆ ಯಾರನ್ನು, ಹೇಗೆ ಕರೆಯುತ್ತಾರೆ? ಈ ಪ್ರಶ್ನೆಗಳಿಗೆ ನೋಡಿಯೇ ಉತ್ತರ ಬರೆಯಬೇಕು. ಇಪ್ಪತ್ತು ನಿಮಿಷ ಕಳೆದ ಮೇಲೆ ಯಾರಿಗೆ ಇನ್ನೂ ಕುತೂಹಲ ಉಳಿದಿದೆ, ಯಾರ ಕಣ್ಣು ಗಡಿಯಾರದ ಕಡೆಗೆ ಹೋಗುತ್ತಿದೆ ಎಂಬುದನ್ನು ನೀವು ದೂರದಿಂದ ಗಮನಿಸಿದರೆ, ಯಾವ ಅಭಿರುಚಿ ಪರೀಕ್ಷೆಯೂ ಹೇಳದ ಸಂಗತಿಯೊಂದು ನಿಮಗೆ ತಿಳಿಯುತ್ತದೆ.

ಇನ್ನು ಅಳತೆಯ ವಿಷಯ. ಇದರ ಮೇಲೆ ನೀವು ಎಷ್ಟು ಸಮಯ ಕಳೆದರೂ ಹೆಚ್ಚಾಗುವುದಿಲ್ಲ. ಶಾಲೆಯ ಗಣಿತದಲ್ಲಿ ಪಾಸಾದ ಎಷ್ಟೋ ಮಕ್ಕಳು 0.2 ದೊಡ್ಡದೋ 0.08 ದೊಡ್ಡದೋ ಎಂದು ಕೇಳಿದಾಗ ತಡವರಿಸುತ್ತಾರೆ. ಎಂಟು ಎರಡಕ್ಕಿಂತ ದೊಡ್ಡದು ಎಂಬ ಅಭ್ಯಾಸ ಅಷ್ಟು ಗಟ್ಟಿಯಾಗಿ ಕೂತಿರುತ್ತದೆ. ಶಾಪ್ ಫ್ಲೋರ್‌ನಲ್ಲಿ ಇದೊಂದು ತಡವರಿಕೆಯೇ ಒಂದು ಇಡೀ ಬ್ಯಾಚನ್ನು ಸ್ಕ್ರ್ಯಾಪ್ ಮಾಡಬಲ್ಲದು. ಆದ್ದರಿಂದ ದಶಮಾಂಶವನ್ನು ಪುಸ್ತಕದಿಂದ ಕಲಿಸುವ ಬದಲು ಕೈಗೆ ವಸ್ತು ಕೊಟ್ಟು ಕಲಿಸಿ.

ನಾನು ಬಳಸುವ ಒಂದು ಅಭ್ಯಾಸವನ್ನು ವಿವರವಾಗಿ ಹೇಳುತ್ತೇನೆ. ಮೇಜಿನ ಮೇಲೆ ಉಕ್ಕಿನ ಒಂದು ಶಾಫ್ಟ್ (ದುಂಡನೆಯ ಸರಳು), ಅದರ ಡ್ರಾಯಿಂಗ್, 0.02 ಮಿಲಿಮೀಟರ್ ಓದಬಲ್ಲ ವರ್ನಿಯರ್ ಕ್ಯಾಲಿಪರ್ ಮತ್ತು 0.001 ಮಿಲಿಮೀಟರ್ ಓದಬಲ್ಲ ಮೈಕ್ರೋಮೀಟರ್ ಇರುತ್ತವೆ. ಡ್ರಾಯಿಂಗ್‌ನಲ್ಲಿ ವ್ಯಾಸದ ಜಾಗದಲ್ಲಿ '25 ಎಚ್6' ಎಂದಿದೆ. ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಕೋಷ್ಟಕದ ಪ್ರಕಾರ ಇದರ ಅರ್ಥ, ಶಾಫ್ಟ್ 25.000ಕ್ಕಿಂತ ದಪ್ಪವಿರಕೂಡದು, 24.987ಕ್ಕಿಂತ ತೆಳುವಿರಕೂಡದು. ಅಂದರೆ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಒಟ್ಟು 0.013 ಮಿಲಿಮೀಟರ್, ತಲೆಗೂದಲೊಂದರ ದಪ್ಪದ ಸುಮಾರು ಐದರಲ್ಲಿ ಒಂದು ಪಾಲು. ಈಗ ಮೊದಲ ಪ್ರಶ್ನೆ: ಯಾವ ಉಪಕರಣ ಕೈಗೆತ್ತಿಕೊಳ್ಳುತ್ತೀರಿ? ಬಹಳ ಮಂದಿ ವರ್ನಿಯರ್ ತೆಗೆದುಕೊಳ್ಳುತ್ತಾರೆ, ಏಕೆಂದರೆ ಅದು ಪರಿಚಿತ. ವರ್ನಿಯರ್‌ನ ಒಂದು ಗೆರೆಯೇ 0.02, ಟಾಲರೆನ್ಸಿಗಿಂತ ದೊಡ್ಡದು, ಹಾಗಾಗಿ ಅದು ಈ ಶಾಫ್ಟಿನ ಬಗ್ಗೆ ತೀರ್ಪು ಹೇಳಲಾರದು ಎಂಬುದನ್ನು ಅವರೇ ಕಂಡುಕೊಳ್ಳುವವರೆಗೆ ಕಾಯಬೇಕು. ಆಮೇಲೆ ಮೈಕ್ರೋಮೀಟರಿನ ಶೂನ್ಯ ಪರೀಕ್ಷೆ, ಮುಖಗಳನ್ನು ಒರೆಸುವುದು, ಥಿಂಬಲನ್ನು (ಅದರ ತಿರುಗುವ ಹಿಡಿಯನ್ನು) ಬಿಗಿಯಾಗಿ ತಿರುಗಿಸದೆ ರ‍್ಯಾಚೆಟ್ ಶಬ್ದ ಬರುವವರೆಗೆ ಮಾತ್ರ ತಿರುಗಿಸುವುದು, ಒಂದೇ ಜಾಗದಲ್ಲಿ ನಿಲ್ಲದೆ ಎರಡು ತುದಿ ಮತ್ತು ಮಧ್ಯದಲ್ಲಿ ಅಳೆಯುವುದು. ಕೊನೆಗೆ ಶಾಫ್ಟನ್ನು ಬಿಸಿಮಾಡಿ ಮತ್ತೆ ಅಳೆಯಲು ಹೇಳುತ್ತೇನೆ. ಅಳತೆಗಳಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ಆಗಷ್ಟೇ ಯಂತ್ರದಿಂದ ಇಳಿದ ಶಾಫ್ಟ್ 40 ಡಿಗ್ರಿಯಲ್ಲಿದ್ದರೆ ಅದು ಸುಮಾರು 0.006 ಮಿಲಿಮೀಟರ್ ಉಬ್ಬಿರುತ್ತದೆ, ಟಾಲರೆನ್ಸಿನ ಹೆಚ್ಚುಕಡಿಮೆ ಅರ್ಧದಷ್ಟು. ಬಿಸಿಯಾಗಿರುವಾಗ ಸರಿಯೆಂದು ಕಂಡದ್ದು ತಣ್ಣಗಾದಾಗ ತೆಳುವಾಗಬಹುದು.

ಈ ಒಂದು ಅಭ್ಯಾಸದಲ್ಲಿ ಡ್ರಾಯಿಂಗ್ ಓದುವುದು, ದಶಮಾಂಶ, ಉಪಕರಣದ ಆಯ್ಕೆ, ಕೈಯ ಹದ, ಉಷ್ಣಾಂಶದ ಪ್ರಭಾವ ಐದೂ ಸೇರಿವೆ. ಅದಕ್ಕಿಂತ ಮುಖ್ಯವಾಗಿ, ಅಳತೆ ಎಂದರೆ ಯಂತ್ರ ತೋರಿಸಿದ ಸಂಖ್ಯೆಯನ್ನು ಬರೆದುಕೊಳ್ಳುವುದಷ್ಟೇ ಅಲ್ಲ, ಆ ಸಂಖ್ಯೆಯನ್ನು ನಂಬಬಹುದೇ ಎಂದು ಕೇಳಿಕೊಳ್ಳುವುದು ಎಂಬ ಬುದ್ಧಿ ಬೆಳೆಯುತ್ತದೆ. ಹುದ್ದೆಗೆ ಆಯ್ಕೆ ಮಾಡುವ ಅನೇಕ ಉದ್ಯೋಗದಾತರು ಅಭ್ಯರ್ಥಿಯ ಕೈಗೆ ಒಂದು ತುಣುಕು ಮತ್ತು ಮೈಕ್ರೋಮೀಟರ್ ಕೊಟ್ಟು ನೋಡುವುದೂ ಇದಕ್ಕಾಗಿಯೇ. ನಿಮಗೆ ಈ ವಿದ್ಯೆ ಬಾರದಿದ್ದರೆ ನಿವೃತ್ತ ಟರ್ನರ್ ಒಬ್ಬರನ್ನೋ ಗುಣಮಟ್ಟ ಪರಿಶೀಲಕರೊಬ್ಬರನ್ನೋ ವಾರಕ್ಕೊಮ್ಮೆ ಕರೆಸಿ, ನೀವೂ ಮಕ್ಕಳ ಪಕ್ಕದಲ್ಲೇ ಕೂತು ಕಲಿಯಿರಿ.

ಈಗ ಮೊದಲ ಮೂರು ತಿಂಗಳಲ್ಲಿ ಯುವಜನರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ವಿಷಯಕ್ಕೆ ಬರುತ್ತೇನೆ. ಅದು ತಪ್ಪನ್ನು ಹೇಳಿಕೊಳ್ಳುವುದು. ತಪ್ಪು ಉತ್ತರಕ್ಕೆ ಬೈಗುಳ ತಿಂದು, ಗೊತ್ತಿಲ್ಲ ಎನ್ನಲು ನಾಚಿ ಬೆಳೆದ ಹುಡುಗ, ಯಂತ್ರದಲ್ಲಿ ಏನೋ ವಿಚಿತ್ರ ಶಬ್ದ ಬಂದರೂ, ತುಣುಕು ಅಳತೆ ಮೀರಿದರೂ ಸುಮ್ಮನಿದ್ದುಬಿಡುತ್ತಾನೆ. ಅದೊಂದು ತುಣುಕನ್ನು ಮೆಲ್ಲಗೆ ಒಳ್ಳೆಯವುಗಳ ನಡುವೆ ಸೇರಿಸುತ್ತಾನೆ. ಎರಡು ದಿನಗಳ ನಂತರ ಅದು ಮುಂದಿನ ಹಂತದಲ್ಲಿ ಸಿಕ್ಕಿಬೀಳುತ್ತದೆ, ಇಡೀ ಲಾಟ್ ತಡೆಹಿಡಿಯಲಾಗುತ್ತದೆ, ಯಾರ ಶಿಫ್ಟಿನದು ಎಂದು ವಿಚಾರಣೆಯಾಗುತ್ತದೆ, ಮರುದಿನದಿಂದ ಅವನು ಕೆಲಸಕ್ಕೆ ಬರುವುದಿಲ್ಲ. ದಾಖಲೆಯಲ್ಲಿ 'ಕಾರಣ ತಿಳಿಸದೆ ಬಿಟ್ಟ' ಎಂದಿರುತ್ತದೆ. ಬಿಟ್ಟು ಬಂದವರನ್ನು ಸಮಾಧಾನವಾಗಿ ಕೂರಿಸಿ ಕೇಳಿದಾಗ ಇಂಥ ಕಥೆ ನನಗೆ ಮತ್ತೆ ಮತ್ತೆ ಸಿಕ್ಕಿದೆ. ದುಡಿಮೆಗೆ ಹೆದರಿ ಬಿಟ್ಟವರಿಗಿಂತ ಅವಮಾನಕ್ಕೆ ಹೆದರಿ ಬಿಟ್ಟವರೇ ಹೆಚ್ಚು ಎಂಬುದು ನನ್ನ ದೃಢವಾದ ನಂಬಿಕೆ.

ಒಳ್ಳೆಯ ಕಾರ್ಖಾನೆಗಳ ವ್ಯವಸ್ಥೆಯೇ ಮನುಷ್ಯ ಮರೆಯುತ್ತಾನೆ, ತಪ್ಪುತ್ತಾನೆ ಎಂಬ ತಿಳಿವಳಿಕೆಯ ಮೇಲೆ ನಿಂತಿದೆ ಎಂಬುದನ್ನು ಅವರಿಗೆ ತಿಳಿಸಿ. ಜಪಾನಿನ ಕೈಗಾರಿಕಾ ಎಂಜಿನಿಯರ್ ಶಿಗೆಯೊ ಶಿಂಗೊ 1961ರಲ್ಲಿ ಯಮಾದಾ ಎಲೆಕ್ಟ್ರಿಕ್ ಘಟಕದಲ್ಲಿ ಎದುರಿಸಿದ ಸಮಸ್ಯೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಒಂದು ಸಣ್ಣ ಸ್ವಿಚ್ಚಿನೊಳಗೆ ಎರಡು ಸ್ಪ್ರಿಂಗುಗಳನ್ನು ಇಡಬೇಕಿತ್ತು, ಕೆಲಸಗಾರರು ಆಗೀಗ ಒಂದನ್ನು ಮರೆಯುತ್ತಿದ್ದರು. ಎಚ್ಚರಿಕೆಯಿಂದಿರಿ ಎಂದು ಗದರಿಸಿದಾಗ ಸ್ವಲ್ಪ ದಿನ ಸರಿಹೋಗಿ ಮತ್ತೆ ಮರುಕಳಿಸುತ್ತಿತ್ತು. ಶಿಂಗೊ ಕೆಲಸದ ಕ್ರಮವನ್ನೇ ಬದಲಿಸಿದರು: ಮೊದಲು ಎರಡು ಸ್ಪ್ರಿಂಗುಗಳನ್ನು ಪೆಟ್ಟಿಗೆಯಿಂದ ತೆಗೆದು ಒಂದು ಪುಟ್ಟ ತಟ್ಟೆಯಲ್ಲಿಡಬೇಕು, ಆಮೇಲೆ ಸ್ವಿಚ್ಚಿಗೆ ಜೋಡಿಸಬೇಕು. ಜೋಡಣೆ ಮುಗಿದಾಗ ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದಿದ್ದರೆ ಮರೆತದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ. ಇದೇ ಚಿಂತನೆ ಮುಂದೆ ಪೋಕಾ ಯೋಕೆ (ತಪ್ಪು ತಡೆ) ಎಂಬ ಹೆಸರಿನಲ್ಲಿ ಜಗತ್ತಿನ ಕಾರ್ಖಾನೆಗಳಿಗೆ ಹಬ್ಬಿತು. ಟೊಯೋಟಾ ಘಟಕಗಳಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಸಹಾಯ ಕೋರುವ, ಅಗತ್ಯವಿದ್ದರೆ ಲೈನನ್ನೇ ನಿಲ್ಲಿಸುವ ವ್ಯವಸ್ಥೆಯೂ ಇದೇ ಜಾತಿಯದು. ಅಲ್ಲಿ ನಿಲ್ಲಿಸಿ ಹೇಳುವುದು ಕೆಲಸದ ಭಾಗ, ಅಪರಾಧವಲ್ಲ.

ಎಲ್ಲ ಕಾರ್ಖಾನೆಗಳೂ ಹೀಗಿರುವುದಿಲ್ಲ. ಕೂಗಾಡುವ ಮೇಲ್ವಿಚಾರಕರು ಎಲ್ಲೆಲ್ಲಿಯೂ ಇದ್ದಾರೆ. ಹಾಗಾಗಿ ಹೇಳಿಕೊಳ್ಳುವ ಅಭ್ಯಾಸವನ್ನು ನಿಮ್ಮ ಕೇಂದ್ರದಲ್ಲೇ, ಗದ್ದಲದ ನಡುವೆ ಮಾಡಿಸಿ. ಒಬ್ಬರು ಅವಸರದಲ್ಲಿರುವ ಸೂಪರ್‌ವೈಸರ್ ಆಗಲಿ, ಇನ್ನೊಬ್ಬರು ನಾಲ್ಕು ವಾಕ್ಯಗಳಲ್ಲಿ ವರದಿ ಮಾಡಲಿ: ಏನಾಗಿದೆ, ಯಾವಾಗಿನಿಂದ, ನಾನು ಈಗಾಗಲೇ ಏನು ಮಾಡಿದ್ದೇನೆ, ನಿಮ್ಮಿಂದ ಏನು ಬೇಕು. 'ಸರ್, ಮೂರನೇ ಯಂತ್ರದಲ್ಲಿ ವ್ಯಾಸ ಕೆಳಮಿತಿ ದಾಟುತ್ತಿದೆ. ಕಳೆದ ಐದು ತುಣುಕುಗಳಿಂದ ಹೀಗಾಗುತ್ತಿದೆ. ಯಂತ್ರ ನಿಲ್ಲಿಸಿ ಆ ಐದನ್ನೂ ಕೆಂಪು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಇನ್‌ಸರ್ಟ್ (ಕತ್ತರಿಸುವ ಅಲಗು) ಬದಲಿಸಬೇಕೋ ಆಫ್‌ಸೆಟ್ ತಿದ್ದಬೇಕೋ ನೀವು ಬಂದು ನೋಡಬೇಕು.' ಇಷ್ಟು ಮಾತನ್ನು ತೊದಲದೆ ಆಡಬಲ್ಲವನನ್ನು ಕೂಗಾಡುವ ಸೂಪರ್‌ವೈಸರ್ ಕೂಡ ಎರಡನೇ ತಿಂಗಳಲ್ಲಿ ನೆಚ್ಚಿಕೊಳ್ಳತೊಡಗುತ್ತಾನೆ. ಶಿಫ್ಟ್ ಬದಲಾಗುವಾಗ ಮುಂದಿನವರಿಗೆ ಯಂತ್ರದ ಸ್ಥಿತಿಯನ್ನು ಒಪ್ಪಿಸುವ ಹ್ಯಾಂಡ್‌ಓವರ್ ಮಾತನ್ನೂ ಇದೇ ರೀತಿ ಅಭ್ಯಾಸ ಮಾಡಿಸಿ. ನಿಮ್ಮ ಆತ್ಮವಿಶ್ವಾಸದ ಮಾತುಗಾರಿಕೆಯ ತರಗತಿ ನಿಜಕ್ಕೂ ಫಲ ಕೊಡುವುದು ಇಲ್ಲಿ.

ಕಲಿಸಿಕೊಳ್ಳುವುದನ್ನೂ ಕಲಿಸಬೇಕಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನುಭವವಿಲ್ಲದ ಲಕ್ಷಾಂತರ ಜನ ಬಂದು ಸೇರಿದಾಗ, 1940ರಲ್ಲಿ ಆರಂಭವಾದ ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ, ಉದ್ಯಮದೊಳಗಿನ ತರಬೇತಿ) ಕಾರ್ಯಕ್ರಮವು ಕೆಲಸ ಕಲಿಸುವುದಕ್ಕೆ ನಾಲ್ಕು ಹಂತಗಳನ್ನು ರೂಪಿಸಿತು: ಕಲಿಯುವವನನ್ನು ಸಿದ್ಧಗೊಳಿಸುವುದು, ಕೆಲಸವನ್ನು ಮಾಡಿ ತೋರಿಸಿ ವಿವರಿಸುವುದು, ಅವನಿಂದ ಮಾಡಿಸಿ ನೋಡುವುದು, ಆಮೇಲೂ ಗಮನಿಸುತ್ತಿರುವುದು. ಪ್ರತಿ ಹೆಜ್ಜೆಯಲ್ಲೂ ಮುಖ್ಯ ಅಂಶ ಯಾವುದು ಎಂಬುದನ್ನು ಒತ್ತಿ ಹೇಳಬೇಕೆಂಬುದು ಅದರ ತಿರುಳು. ಹೊಸಬರಿಗೆ ಸಿಗುವ ಹಿರಿಯರು ಹೀಗೆ ಕಲಿಸುವುದು ಅಪರೂಪ. ಅವರು ವೇಗವಾಗಿ ಒಮ್ಮೆ ಮಾಡಿ ತೋರಿಸಿ 'ಅರ್ಥವಾಯಿತಾ?' ಎನ್ನುತ್ತಾರೆ, ಹೊಸಬರು ತಲೆಯಾಡಿಸುತ್ತಾರೆ. ತಲೆಯಾಡಿಸುವ ಬದಲು 'ಇದರಲ್ಲಿ ತಪ್ಪಿದರೆ ಕೆಡುವ ಹೆಜ್ಜೆ ಯಾವುದು? ನಾನೊಮ್ಮೆ ಮಾಡುತ್ತೇನೆ, ನೋಡುತ್ತೀರಾ?' ಎಂದು ಕೇಳುವುದನ್ನು ರೂಢಿ ಮಾಡಿಸಿ. ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕವಿದ್ದು ಅದನ್ನು ಅಂದೇ ಬರೆದಿಟ್ಟುಕೊಂಡರೆ ಅದೇ ಪ್ರಶ್ನೆಯನ್ನು ನಾಳೆ ಮತ್ತೆ ಕೇಳುವ ಮುಜುಗರ ತಪ್ಪುತ್ತದೆ.

ಸುರಕ್ಷತೆಯ ಬಗ್ಗೆ ಕಾರ್ಖಾನೆಯವರು ತರಬೇತಿ ಕೊಡುತ್ತಾರೆ, ಆದರೂ ಕೆಲವನ್ನು ನೀವು ಮೊದಲೇ ಮನಸ್ಸಿಗೆ ತಟ್ಟಿಸಬೇಕು. ತಿರುಗುವ ಯಂತ್ರದ ಬಳಿ ಕೈಗವಸು, ಉಂಗುರ, ಸಡಿಲ ತೋಳು, ಇಳಿಬಿಟ್ಟ ಕೂದಲು ಇರಕೂಡದು. ಚಕ್ ಕೀಯನ್ನು (ತುಣುಕನ್ನು ಹಿಡಿಯುವ ಚಕ್ ಬಿಗಿಮಾಡುವ ಕೀಲಿಯನ್ನು) ಚಕ್‌ನಲ್ಲಿ ಬಿಟ್ಟು ಕೈ ತೆಗೆಯಕೂಡದು. ಕಂಪ್ರೆಸರ್ ಗಾಳಿಯಿಂದ ಮೈ ಬಟ್ಟೆಯ ಧೂಳು ಹೊಡೆಯಕೂಡದು. ದುರಸ್ತಿಯಲ್ಲಿರುವ ಯಂತ್ರದ ವಿದ್ಯುತ್ತಿಗೆ ಹಾಕಿದ ಬೀಗವನ್ನು ಹಾಕಿದವರ ಹೊರತು ಬೇರೆ ಯಾರೂ ತೆಗೆಯಕೂಡದು. ಇವುಗಳ ಜೊತೆಗೆ ಒಂದು ಹಕ್ಕನ್ನೂ ತಿಳಿಸಿ: ಜೀವಕ್ಕೋ ಆರೋಗ್ಯಕ್ಕೋ ತಕ್ಷಣದ ಗಂಭೀರ ಅಪಾಯವಿದೆ ಎಂದು ನಂಬಲು ತಕ್ಕ ಕಾರಣವಿದ್ದು ಅಲ್ಲಿಂದ ಹಿಂದೆ ಸರಿದ ಕೆಲಸಗಾರನಿಗೆ ಅದರಿಂದ ಅನುಚಿತ ಪರಿಣಾಮ ಆಗದಂತೆ ರಕ್ಷಣೆ ಇರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಡಂಬಡಿಕೆ ಹೇಳುತ್ತದೆ. ಹತ್ತೊಂಬತ್ತರ ಹರೆಯದವರು ಧೈರ್ಯ ತೋರಿಸಲು ಹೋಗಿ ಬೆರಳು ಕಳೆದುಕೊಳ್ಳುವುದುಂಟು. ಬೇಡ ಎನ್ನುವುದೂ ಧೈರ್ಯವೇ ಎಂದು ಅವರಿಗೆ ಯಾರಾದರೂ ಮೊದಲೇ ಹೇಳಿರಬೇಕು.

ದೇಹದ ಸಿದ್ಧತೆಯನ್ನು ಮಾರ್ಗದರ್ಶಕರು ಬಹುತೇಕ ಮರೆಯುತ್ತಾರೆ. ತರಗತಿಯಲ್ಲಿ ಕೂತು ಅಭ್ಯಾಸವಾದವರು ಎಂಟು ಗಂಟೆ ನಿಂತು ಕೆಲಸ ಮಾಡಿದ ಮೊದಲ ವಾರ ಕಾಲು, ಸೊಂಟ ನೋಯುತ್ತದೆ, ಅದು ಸಹಜ, ಎರಡು ಮೂರು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ ಎಂದು ಮೊದಲೇ ತಿಳಿದಿದ್ದರೆ ಅದನ್ನೇ ಸೋಲೆಂದು ಭಾವಿಸುವುದಿಲ್ಲ. ಇಳಿಯದ ನೋವನ್ನು, ಕೈ ಜೋಮು ಹಿಡಿಯುವುದನ್ನು ಮಾತ್ರ ಸಹಿಸಿಕೊಳ್ಳದೆ ವೈದ್ಯರಿಗೆ ತೋರಿಸಬೇಕು. ಶಬ್ದದ ವಿಷಯದಲ್ಲಿ, ಎಂಟು ಗಂಟೆಗಳ ಕೆಲಸಕ್ಕೆ 85 ಡೆಸಿಬೆಲ್ ಮಿತಿಯೆಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಶೋಧನಾ ಸಂಸ್ಥೆಯಾದ ನಿಯೋಶ್ ಶಿಫಾರಸು ಮಾಡುತ್ತದೆ, ಶಬ್ದ 3 ಡೆಸಿಬೆಲ್ ಏರಿದರೆ ಸುರಕ್ಷಿತ ಸಮಯ ಅರ್ಧಕ್ಕೆ ಇಳಿಯುತ್ತದೆ. ಹೋದ ಶ್ರವಣಶಕ್ತಿ ಮರಳುವುದಿಲ್ಲ, ಆದ್ದರಿಂದ ಕಿವಿರಕ್ಷಕ ಹಾಕುವುದರಲ್ಲಿ ಸಂಕೋಚ ಬೇಡ. ರಾತ್ರಿ ಪಾಳಿಗೆ ಹೋಗುವವರ ಮನೆಯವರೊಂದಿಗೆ ಒಮ್ಮೆ ಮಾತನಾಡಿ. ಹಗಲು ಮಲಗಲು ಕತ್ತಲೆಯ, ಸದ್ದಿಲ್ಲದ ಮೂಲೆಯೊಂದು ಮನೆಯಲ್ಲಿ ಸಿಗದಿದ್ದರೆ ಎಂಥ ಉತ್ಸಾಹಿಯೂ ಎರಡನೇ ತಿಂಗಳಿಗೆ ಕುಸಿಯುತ್ತಾನೆ. ವಿದ್ಯುತ್ ತಂತಿಗಳ ಕೆಲಸ ಬಯಸುವವರ ಬಣ್ಣದೃಷ್ಟಿಯನ್ನು ತರಬೇತಿಗೆ ಮೊದಲೇ ಪರೀಕ್ಷಿಸಿ, ನಂತರ ಗೊತ್ತಾದರೆ ಅವರ ಶ್ರಮ ವ್ಯರ್ಥವಾಗುತ್ತದೆ.

ಇಷ್ಟೆಲ್ಲ ಕಷ್ಟಗಳನ್ನು ಮೊದಲೇ ಹೇಳಿದರೆ ಯಾರೂ ಸೇರುವುದಿಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ಕೆಲವರು ಹಿಂಜರಿಯುತ್ತಾರೆ, ನಿಜ. ಕೆಲಸದ ಒಳಿತು ಕೆಡುಕುಗಳೆರಡನ್ನೂ ಸೇರುವ ಮುನ್ನವೇ ತೋರಿಸುವ ಪದ್ಧತಿಯನ್ನು ಜಾನ್ ವಾನೌಸ್ ಮೊದಲಾದ ಸಂಶೋಧಕರು 1970ರ ದಶಕದಿಂದ ಅಧ್ಯಯನ ಮಾಡಿದ್ದಾರೆ. ಹೀಗೆ ನಿಜ ತಿಳಿದು ಸೇರಿದವರಲ್ಲಿ ಬಿಟ್ಟು ಹೋಗುವ ಪ್ರಮಾಣ ಸ್ವಲ್ಪಮಟ್ಟಿಗೆ ಕಡಿಮೆ ಎಂಬುದು ಒಟ್ಟಾರೆ ಕಂಡುಬಂದಿದೆ. ಪರಿಣಾಮ ಪವಾಡದಷ್ಟು ದೊಡ್ಡದಲ್ಲ, ಆದರೂ ನಿಜ ಹೇಳುವುದಕ್ಕೆ ಖರ್ಚೇನೂ ಇಲ್ಲ, ಮತ್ತು ನಿಮ್ಮ ಮಾತಿನ ಮೇಲೆ ಅವರಿಗಿರುವ ನಂಬಿಕೆ ಉಳಿಯುತ್ತದೆ.

ಸಂದರ್ಶನದ ಬಗ್ಗೆ ನೀವು ಬಲ್ಲಿರಿ, ಎರಡೇ ಮಾತು ಸೇರಿಸುತ್ತೇನೆ. ಅಭ್ಯರ್ಥಿ ತಾನು ಮಾಡಿದ ಒಂದು ತುಣುಕು, ಅದರ ಡ್ರಾಯಿಂಗ್, ತಾನು ಅಳೆದು ಬರೆದ ಹಾಳೆ ಇವನ್ನು ಒಯ್ದರೆ ಹತ್ತು ಗುಣವಾಚಕಗಳ ರೆಸ್ಯೂಮೆಗಿಂತ ಹೆಚ್ಚು ಮಾತಾಡುತ್ತದೆ. ಇನ್ನು ಅವರೂ ಪ್ರಶ್ನೆ ಕೇಳಲಿ: ನನಗೆ ಕಲಿಸುವವರು ಯಾರು, ಎಷ್ಟು ದಿನ? ಪಾಳಿ ಹೇಗೆ ಬದಲಾಗುತ್ತದೆ? ನೇಮಕ ಕಂಪನಿಯದೋ ಗುತ್ತಿಗೆದಾರರದೋ? ವರ್ಷದ ನಂತರ ಮುಂದಿನ ಹಂತ ಯಾವುದು? ಯುವತಿಯರಾದರೆ ರಾತ್ರಿ ಸಾರಿಗೆ, ಶೌಚಾಲಯ, ತಮ್ಮ ಅಳತೆಯ ಶೂ ಮತ್ತು ಕೈಗವಸು ಸಿಗುತ್ತದೆಯೇ ಎಂಬುದನ್ನು ಸಂಕೋಚವಿಲ್ಲದೆ ಕೇಳಬೇಕು. 'ಹುಡುಗಿಯರಿಗೆ ಇದು ಆಗದು' ಎಂದು ನೀವೇ ಮೊದಲು ಸೋಸುವುದು ಮಾತ್ರ ಖಂಡಿತ ಬೇಡ. ಕೆಲಸವನ್ನು ನೋಡಿ ಅವರೇ ನಿರ್ಧರಿಸಲಿ.

ಮುಂದೇನು ಎಂಬ ಪ್ರಶ್ನೆ ಯುವಜನರಿಗಿಂತ ಅವರ ತಂದೆತಾಯಿಗಳನ್ನು ಹೆಚ್ಚು ಕಾಡುತ್ತದೆ. ಆಪರೇಟರ್ ಆಗಿ ಸೇರಿದವರು ಸೆಟ್ಟರ್, ಪ್ರೋಗ್ರಾಮರ್, ನಿರ್ವಹಣಾ ತಂತ್ರಜ್ಞ, ಲೈನ್ ಲೀಡರ್ ಆಗಬಹುದು, ಆದರೆ ಅದು ತಿಂಗಳುಗಳ ಮಾತಲ್ಲ, ವರ್ಷಗಳ ಮಾತು. ಜರ್ಮನಿಯಲ್ಲಿ ಕಂಪನಿ ಮತ್ತು ವೃತ್ತಿಶಾಲೆ ಎರಡರಲ್ಲೂ ಕಲಿಯುವ ಅಪ್ರೆಂಟಿಸ್‌ಗಳಿಗೆ ಸಾಮಾನ್ಯವಾಗಿ ಎರಡರಿಂದ ಮೂರೂವರೆ ವರ್ಷ ಹಿಡಿಯುತ್ತದೆ ಎಂಬುದು ಕೌಶಲಕ್ಕೆ ಬೇಕಾದ ಕಾಲದ ಒಂದು ಅಂದಾಜನ್ನು ಕೊಡುತ್ತದೆ. ರೋಬೋಟ್ ಬಂದರೆ ಕೆಲಸ ಹೋಗುತ್ತದಲ್ಲ ಎಂದು ಕೇಳುವವರಿಗೆ ನೇರವಾಗಿ ಉತ್ತರಿಸಿ. ತುಣುಕನ್ನು ಎತ್ತಿ ಇಡುವುದು, ಒಂದೇ ಬಗೆಯ ಬೆಸುಗೆ ಹಾಕುವುದು ಇಂಥವು ಯಂತ್ರಗಳ ಪಾಲಾಗುತ್ತಿವೆ. ಒಂದು ಉತ್ಪನ್ನದಿಂದ ಇನ್ನೊಂದಕ್ಕೆ ಲೈನನ್ನು ಹೊಂದಿಸುವುದು, ದೋಷದ ಕಾರಣ ಹುಡುಕುವುದು, ಸೆನ್ಸರ್ ಮತ್ತು ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ನೋಡಿಕೊಳ್ಳುವುದು ಇವಕ್ಕೆ ಮನುಷ್ಯರು ಬೇಕು. ಆದ್ದರಿಂದ ಮೊದಲ ವರ್ಷ ಗುಂಡಿ ಒತ್ತುವ ಹುದ್ದೆಯಲ್ಲಿದ್ದವರು ಎರಡನೇ ವರ್ಷವೂ ಅಲ್ಲೇ ಇರದಂತೆ ಬಿಡುವಿನಲ್ಲಿ ಪಿಎಲ್‌ಸಿಗೆ ಆದೇಶ ಬರೆಯುವ ಲ್ಯಾಡರ್ ರೇಖಾಚಿತ್ರವನ್ನೋ ಡ್ರಾಯಿಂಗ್ ಓದುವುದನ್ನೋ ಕಲಿಯಲು ಒತ್ತಾಯಿಸಿ.

ನಿಮ್ಮ ಕೆಲಸ ನೇಮಕಪತ್ರ ಬಂದ ದಿನ ಮುಗಿಯಬಾರದು. ಮೊದಲ ವಾರದ ಕೊನೆಯಲ್ಲಿ, ಮೂರನೇ ವಾರದಲ್ಲಿ, ಎರಡನೇ ತಿಂಗಳ ನಡುವೆ ಒಂದೊಂದು ಕರೆ ಮಾಡಿ. 'ಹೇಗಿದೆ?' ಎಂದರೆ 'ಚೆನ್ನಾಗಿದೆ' ಎಂಬ ಉತ್ತರ ಬರುತ್ತದೆ. 'ಈ ವಾರ ಯಾವುದನ್ನು ಕೇಳಲು ಹಿಂಜರಿದೆ? ಯಾವ ತುಣುಕು ರಿಜೆಕ್ಟ್ ಆಯಿತು? ಯಾರ ಜೊತೆ ಊಟ ಮಾಡುತ್ತೀಯ?' ಎಂದು ಕೇಳಿ. ಒಬ್ಬರೇ ಕೂತು ಊಟ ಮಾಡುವ ಹೊಸಬರ ಬಗ್ಗೆ ನಾನು ತಕ್ಷಣ ಜಾಗೃತನಾಗುತ್ತೇನೆ. ಸಾಧ್ಯವಿದ್ದರೆ ಅದೇ ಘಟಕಕ್ಕೆ ಇಬ್ಬರನ್ನು ಒಟ್ಟಿಗೆ ಕಳಿಸಿ.

ಬಿಟ್ಟು ಬಂದವರಿಗೆ ಏನು ಹೇಳಬೇಕೆಂದು ಕೇಳಿದ್ದೀರಿ. ಮೊದಲು ಏನನ್ನೂ ಹೇಳಬೇಡಿ, ಕೇಳಿಸಿಕೊಳ್ಳಿ. ಅಪಾಯ, ಸಂಬಳದ ವಂಚನೆ, ಕಿರುಕುಳ ಇವುಗಳಿಂದ ಬಿಟ್ಟಿದ್ದರೆ ಅವರು ಸರಿಯಾದದ್ದನ್ನೇ ಮಾಡಿದ್ದಾರೆ, ಆ ಘಟಕಕ್ಕೆ ನೀವು ಇನ್ನೊಬ್ಬರನ್ನು ಕಳಿಸಕೂಡದು. ಹುದ್ದೆ ಒಗ್ಗದೆ ಬಿಟ್ಟಿದ್ದರೆ ಯಾವ ಭಾಗ ಒಗ್ಗಲಿಲ್ಲ ಎಂಬುದನ್ನು ಅವರ ಮಾತಿನಲ್ಲೇ ಬರೆಸಿ: ಶಬ್ದವೋ, ಪುನರಾವರ್ತನೆಯೋ, ರಾತ್ರಿಯೋ, ಆ ಒಬ್ಬ ವ್ಯಕ್ತಿಯೋ. ಅದರ ಮೇಲೆ ಮುಂದಿನ ಹುದ್ದೆಯನ್ನು ಹುಡುಕಿ. ಹೇಳದೆ ಕೇಳದೆ ಬಂದಿದ್ದರೆ ಅವರನ್ನು ಜೊತೆಯಲ್ಲಿ ಕೂರಿಸಿಕೊಂಡು ರಾಜೀನಾಮೆಯ ಪತ್ರ ಬರೆಸಿ ಕಳಿಸಿ, ಬಾಕಿ ಸಂಬಳವನ್ನೂ ದುಡಿದ ಅವಧಿಯ ಪ್ರಮಾಣಪತ್ರವನ್ನೂ ಕೇಳಿಸಿ. ಆ ಎರಡು ತಿಂಗಳಲ್ಲಿ ಯಾವ ಯಂತ್ರ ನೋಡಿದರು, ಯಾವ ಉಪಕರಣದಿಂದ ಏನನ್ನು ಅಳೆದರು ಎಂಬುದನ್ನು ಮುಂದಿನ ಅರ್ಜಿಯಲ್ಲಿ ಬರೆಯಲು ಹೇಳಿ. ಮತ್ತು ಪ್ರತಿಯೊಬ್ಬರ ಕಾರಣವನ್ನೂ ಹೆಸರಿಲ್ಲದೆ ಒಂದು ಪುಸ್ತಕದಲ್ಲಿ ದಾಖಲಿಸುತ್ತ ಬನ್ನಿ. ಮುಂದಿನ ತಂಡಕ್ಕೆ ಯಾವ ಪಾಠಕ್ಕೆ ಎಷ್ಟು ಗಂಟೆ ಕೊಡಬೇಕೆಂಬುದನ್ನು ಆ ಪುಟಗಳನ್ನು ನೋಡಿ ನೀವೇ ನಿರ್ಧರಿಸಬಹುದು.